ದುವಾನ್ ಮೇಷ್ಟ್ರ ಎದೆಗೆ ಕವಿದ ಮಂಜು

"ಕಷಾಯ ಕುದಿಸೋದು ಏನು ಮಹಾ ವಿದ್ಯೆ? ಮೂವತ್ತೆರಡು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟ ಕೈ ಇದು! ನೀವು ಯಂತ್ರದಲ್ಲಿ ಕುದಿಸಿ ಪೊಟ್ಟಣ ಕಟ್ಟಿಕೊಡೋದನ್ನ ನಾನು ಕುಡಿಯೋದಾ? ನನ್ನ ಔಷಧಿ ನಾನೇ ಕುದಿಸ್ತೀನಿ. ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಮ್ಮಿಯಿಲ್ಲ!"

ಚೀನಾದ ಜಿಗೊಂಗ್ ಊರಿನ ನಿವೃತ್ತ ಮೇಷ್ಟ್ರು ದುವಾನ್ ಶೌಮಿಂಗ್ ಹೀಗೆ ಘೋಷಿಸಿದ್ದು ಕಾಂಗ್ ಡಾಕ್ಟ್ರಮ್ಮನ ಔಷಧಾಲಯದಲ್ಲಿ, ಸರದಿಗೆ ಕಾಯುತ್ತಿದ್ದ ಹತ್ತು ರೋಗಿಗಳ ಎದುರಿಗೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸುಯುನ್ ಮಾತ್ರ ತಲೆಯೆತ್ತಿ ಚಾವಣಿ ನೋಡಿದಳು.

ವಿಷಯ ಇಷ್ಟೇ. ಎರಡು ತಿಂಗಳಿಂದ ಮೇಷ್ಟ್ರಿಗೆ ಎದೆ ಬಿಗಿಯುತ್ತಿತ್ತು. ನೋವೆಂದರೆ ನೋವಲ್ಲ; ಯಾರೋ ಅಕ್ಕಿ ಮೂಟೆ ತಂದು ಎದೆಯ ಮೇಲೆ ಇಳಿಸಿ, 'ಆಮೇಲೆ ಬಂದು ಒಯ್ತೀನಿ' ಎಂದು ಹೇಳಿಹೋದ ಹಾಗೆ! ಸುಯುನ್ ಮೊದಲು ದೊಡ್ಡಾಸ್ಪತ್ರೆಗೇ ಎಳೆದೊಯ್ದಳು. ಎದೆಗೆ ವೈರು ಅಂಟಿಸಿದರು, ಓಡುವ ಪಟ್ಟಿಯ ಮೇಲೆ ಓಡಿಸಿದರು, ರಕ್ತ ತೆಗೆದರು. ಕೊನೆಗೆ "ಹೃದಯ ಗಟ್ಟಿಯಾಗಿದೆ, ಮನೆಗೆ ಹೋಗಿ" ಎಂದರು. ಹೃದಯವೇನೋ ಗಟ್ಟಿ, ಮೂಟೆ ಮಾತ್ರ ಅಲ್ಲೇ! ಆಮೇಲೆ ಕಾಂಗ್ ಡಾಕ್ಟ್ರಮ್ಮನ ಬಾಗಿಲಿಗೆ ಬಂದದ್ದು.

ಡಾಕ್ಟ್ರಮ್ಮನಿಗೆ ಎಪ್ಪತ್ತೆಂಟು ವರ್ಷ. ಅವರು ಮೇಷ್ಟ್ರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ತೆರೆಯಲಿಲ್ಲ. ನಿದ್ದೆ ಹೋದರೇನೋ ಎಂದು ಮೇಷ್ಟ್ರು ಕೆಮ್ಮಿದರು.

"ನಾಲಿಗೆ ಚಾಚಿ," ಎಂದರು ಡಾಕ್ಟ್ರಮ್ಮ ಕಣ್ಣು ಬಿಟ್ಟು. "ಹ್ಞೂಂ. ಬೆಳ್ಳಗೆ ಜಿಡ್ಡು ಕೂತಿದೆ. ನಾಡಿ ತಂತಿ ಎಳೆದ ಹಾಗಿದೆ. ನೋಡಿ ಮೇಷ್ಟ್ರೇ, ಎದೆ ಅಂದ್ರೆ ಆಕಾಶ. ಅಲ್ಲಿ ಸೂರ್ಯ ಇರ್ಬೇಕು. ನಿಮ್ಮಲ್ಲಿ ಕಫ ಮಂಜಿನ ಹಾಗೆ ಕವಿದುಕೊಂಡಿದೆ. ಬಿಸಿಲು ಕೆಳಗಿಳೀತಿಲ್ಲ, ಉಸಿರು ಸುಳಿದಾಡ್ತಿಲ್ಲ."

ಮೇಷ್ಟ್ರಿಗೆ ಎದೆಬಿಗಿತವೇ ಮರೆತುಹೋಯಿತು. ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. "ಮಂಜು ಯಾಕೆ ಕವೀತು? ಆವಿ ಎಲ್ಲಿಂದ ಬಂತು?"

"ಹೊಟ್ಟೆಯಿಂದ. ನೀವು ತಿನ್ನೋ ಹಂದಿಮಾಂಸದ ಕೊಬ್ಬು ಸ್ವಲ್ಪವೇ?"

"ಹಾಗಾದ್ರೆ ಗಾಳಿ ಬೀಸಿದ್ರೆ ಮಂಜು ಹೋಗ್ಬೇಕಲ್ಲ?"

"ಗಾಳಿ ಬೀಸೋ ಕೆಲಸ ಪಿತ್ತಕೋಶದ ಅಣ್ಣ, ಯಕೃತ್ತಿನದು. ಅವನು ಮುನಿಸಿಕೊಂಡು ಮೂಲೇಲಿ ಕೂತಿದ್ದಾನೆ." ಡಾಕ್ಟ್ರಮ್ಮ ಬೆರಳು ತೆಗೆಯಲೇ ಇಲ್ಲ. "ಯಾವಾಗ ಜಾಸ್ತಿ ಬಿಗಿಯುತ್ತೆ?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಸುಯುನ್ ಹೇಳಿದಳು: "ಊಟಕ್ಕೆ ಕೂತಾಗ. ನಾನು ಉಪ್ಪಿನಕಾಯಿ ಬಡಿಸಿದ ತಕ್ಷಣ ಎದೆ ಹಿಡ್ಕೋತಾನೆ."

"ಉಗುಳೋಕಾಗದೆ ನುಂಗಿಕೊಂಡಿರೋ ಮಾತು ಏನಾದ್ರೂ ಇದೆಯಾ ಮೇಷ್ಟ್ರೇ?"

"ಛೆ ಛೆ! ಏನಿಲ್ಲ!" ಎಂದರು ಮೇಷ್ಟ್ರು. ಡಾಕ್ಟ್ರಮ್ಮನ ಮೂರು ಬೆರಳ ಕೆಳಗೆ ನಾಡಿ ಮೂರು ಸಲ ಎಗರಿತು.

ಇತ್ತು. ಇರದೆ ಏನು!

ಸುಯುನ್‌ಳ ಅಡುಗೆಮನೆಯಲ್ಲಿ ಉಪ್ಪಿನಕಾಯಿಯ ಕಂದು ಜಾಡಿಯೊಂದಿತ್ತು. ಅದರೊಳಗಿನ ಉಪ್ಪುನೀರು ಸಾಮಾನ್ಯದ್ದಲ್ಲ. ಸುಯುನ್ ಮದುವೆಯಾಗಿ ಬಂದಾಗ ಅವಳ ಅಮ್ಮ ತನ್ನ ಜಾಡಿಯಿಂದ ತೆಗೆದು ಕೊಟ್ಟದ್ದು. ಮೂಲಂಗಿ, ಮೆಣಸಿನಕಾಯಿ, ಶುಂಠಿ ಬರುತ್ತವೆ, ಹೋಗುತ್ತವೆ. ನೀರು ಮಾತ್ರ ಅದೇ. ಎರಡು ತಿಂಗಳ ಹಿಂದೆ ಸುಯುನ್ ತಂಗಿಯ ಮನೆಗೆ ಹೋಗಿದ್ದಳು. ಒಂದು ಹನಿ ಎಣ್ಣೆ ತಾಕಿದರೂ ಕೆಡುವ ನೀರದು; ಮೇಷ್ಟ್ರು ಮೊಟ್ಟೆ ಹುರಿದ ಎಣ್ಣೆ ಸೌಟನ್ನೇ ಜಾಡಿಗೆ ಇಳಿಸಿದರು. ಮೂರನೆಯ ದಿನ ನೀರಿನ ಮೇಲೆ ಬಿಳಿ ಪೊರೆ. ಐದನೆಯ ದಿನ ಕೆಳಗಿನ ಮನೆಯವರು ಬಂದು "ಏನೋ ಸತ್ತಿದೆ, ಹುಡುಕಿ" ಎಂದರು. ಮೇಷ್ಟ್ರು ಆ ಪವಿತ್ರ ಜಲವನ್ನು ಬಚ್ಚಲಿಗೆ ಸುರಿದು, ಜಾಡಿ ತಿಕ್ಕಿ, ಸಂತೆಯ ತರಕಾರಿಯವಳಿಂದ ಹೊಸ ಉಪ್ಪುನೀರು ತಂದು ತುಂಬಿ, ಮುಚ್ಚಳ ಹಾಕಿ, ತಮ್ಮ ಬಾಯಿಗೂ ಒಂದು ಮುಚ್ಚಳ ಹಾಕಿಕೊಂಡರು. ಊರಿಂದ ಬಂದ ಸುಯುನ್ ಮೂಲಂಗಿ ಕಚ್ಚಿ, "ಆಹಾ, ಅಮ್ಮನ ಕೈರುಚಿ!" ಎಂದಳು. ಅಕ್ಕಿ ಮೂಟೆ ಬಂದು ಇಳಿದದ್ದು ಆ ಕ್ಷಣವೇ!

ಡಾಕ್ಟ್ರಮ್ಮ ಚೀಟಿ ಬರೆದರು. ಮಂಜು ಕರಗಿಸಲು ಪಡವಲದ ಜಾತಿಯ ಒಣಗಿದ ಕಾಯಿ, ಎದೆಯ ಬಾಗಿಲು ತೆರೆಯಲು ಕಾಡು ಈರುಳ್ಳಿಯ ಸಣ್ಣ ಗಡ್ಡೆ, ಉಸಿರು ಹರಿಯಲು ಕಿತ್ತಳೆ ಸಿಪ್ಪೆ. "ಕೊನೆಗೆ ಅಡುಗೆಗೆ ಹಾಕೋ ಅಕ್ಕಿಮದ್ಯ ಎರಡು ಚಮಚ. ಅದು ಔಷಧೀನ ಮೇಲಕ್ಕೆ, ಎದೆಗೆ ಹೊತ್ತೊಯ್ಯುತ್ತೆ. ಮೊದಲು ಸಿಪಾಯಿ ಬೆಂಕಿ, ಆಮೇಲೆ ಪಂಡಿತ ಬೆಂಕಿ. ಗೊತ್ತಾಯ್ತಾ?"

"ಜೋರು ಉರಿ, ಸಣ್ಣ ಉರಿ. ಕೆಮಿಸ್ಟ್ರಿ ಮೇಷ್ಟ್ರಿಗೆ ಇದೂ ಹೇಳ್ಬೇಕಾ!"

ಅಲ್ಲಿಗೇ ನಿಂತಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಮರುದಿನ ಸುಯುನ್ ಟೀ ಅಂಗಡಿಗೆ ಮಾಹ್‌ಜಾಂಗ್ ಆಡಲು ಹೋದದ್ದೇ ತಡ, ಮೇಷ್ಟ್ರು ಮಣ್ಣಿನ ಮಡಕೆಯಲ್ಲಿ ಔಷಧಿ ನೆನೆಹಾಕಿ, ಮೊಬೈಲಿನಲ್ಲಿ ಮೂಲಗ್ರಂಥವನ್ನೇ ಹುಡುಕಿದರು. ಸಿಕ್ಕಿತು! ಸಾವಿರಾರು ವರ್ಷದ ಹಿಂದೆ ಬರೆದ ಅದೇ ಕಷಾಯ, ಅದೇ ಕಾಯಿ, ಅದೇ ಗಡ್ಡೆ. ಆದರೆ ಮದ್ಯ ಎರಡು ಚಮಚವಲ್ಲ. 'ಬಿಳಿ ಮದ್ಯ, ಏಳು ಅಳತೆ!' ನೀರಿನ ಸುದ್ದಿಯೇ ಇಲ್ಲ!

"ಎಲಾ ಡಾಕ್ಟ್ರಮ್ಮ!" ಎಂದು ಮೇಷ್ಟ್ರು ತೊಡೆ ತಟ್ಟಿದರು. "ಮುಖ್ಯ ಸಾಮಗ್ರಿಯಲ್ಲೇ ಜಿಪುಣತನ ಮಾಡಿದ್ದಾಳೆ!"

ಕಪಾಟಿನಲ್ಲಿ ಮಗಳ ಮದುವೆಯಲ್ಲಿ ಉಳಿದ ಬಿಳಿಜೋಳದ ಮದ್ಯವಿತ್ತು. ಬೆಂಕಿಪೊಟ್ಟಣ ಹತ್ತಿರ ಬಂದರೆ ತಾನೇ ಹೊತ್ತಿಕೊಳ್ಳುವಂಥದು. ಬಿಳಿ ಮದ್ಯವೆಂದರೆ ಅದೇ ತಾನೆ? ಮೇಷ್ಟ್ರು ನೀರು ಚೆಲ್ಲಿ ಬಾಟಲಿಯನ್ನೇ ಬಗ್ಗಿಸಿ, ಸಿಪಾಯಿ ಬೆಂಕಿ ಹಚ್ಚಿದರು.

ಮೂವತ್ತೆರಡು ವರ್ಷ ಸ್ಪಿರಿಟ್ ದೀಪ ಹಚ್ಚಿದ ಮನುಷ್ಯ! ಮದ್ಯಸಾರದ ಆವಿಗೆ ಬೆಂಕಿ ಹಿಡಿಯುತ್ತದೆಂದು ಸಾವಿರಾರು ಮಕ್ಕಳಿಗೆ ಉಕ್ತಲೇಖನ ಬರೆಸಿದ ಮನುಷ್ಯ! ಮಡಕೆಯ ಬಾಯಿಂದ 'ಬುಸ್ಸ್' ಎಂದು ನೀಲಿ ಜ್ವಾಲೆ ಎದ್ದಾಗ ಓಡಬೇಕಿತ್ತು. ಅವರು ಬಗ್ಗಿ ನೋಡಿದರು. "ಎಷ್ಟು ಶುದ್ಧ ನೀಲಿ!" ಎಂದರು. ಆಮೇಲೆ ಹುಬ್ಬು ಸುಟ್ಟ ವಾಸನೆ ಬಂತು.

ಮುಚ್ಚಳ ಬಡಿದು ಉರಿ ಆರಿಸಿದರು. ಎಡ ಹುಬ್ಬು ಪೂರ್ತಿ ಹೋಗಿತ್ತು, ಬಲದ್ದು ಅರ್ಧ. ಅದಕ್ಕಿಂತ ದೊಡ್ಡ ಚಿಂತೆ, ಸುಟ್ಟುಹೋದ ಮದ್ಯದ್ದು. ಅಳತೆ ತಪ್ಪಬಾರದಲ್ಲ! ನಷ್ಟ ತುಂಬಲು ಇನ್ನಷ್ಟು ಸುರಿದು, ಪಂಡಿತ ಬೆಂಕಿಯಲ್ಲಿ ಬೆಚ್ಚಗೆ ಮಾಡಿ, ಒಂದು ಬಟ್ಟಲು ಗಟಗಟ ಕುಡಿದರು.

ಸುಯುನ್ ಮನೆಗೆ ಬಂದಾಗ ಮೇಷ್ಟ್ರು ಅಡುಗೆಮನೆಯ ನೆಲದ ಮೇಲೆ ಕೂತು ಜಾಡಿಯನ್ನು ತಬ್ಬಿಕೊಂಡಿದ್ದರು.

"ಅಯ್ಯೋ ಮುದುಕಾ! ನಿನ್ನ ಹುಬ್ಬೆಲ್ಲಿ?"

"ಸೂರ್ಯ ಹುಟ್ಟಿದಾನೆ ಸುಯುನ್!" ಮೇಷ್ಟ್ರು ಎದೆ ಬಡಿದುಕೊಂಡರು. "ಇಲ್ಲಿ! ಮಂಜೆಲ್ಲ ಹೋಯ್ತು!" ಅಷ್ಟರಲ್ಲಿ ಗಳಗಳ ಅಳು ಬಂತು. "ನಿನ್ನ ಅಮ್ಮನ್ನ ನಾನು ಬಚ್ಚಲಿಗೆ ಸುರಿದುಬಿಟ್ಟೆ ಕಣೇ!"

"ನನ್ನ ಅಮ್ಮ ಸತ್ತು ಹನ್ನೊಂದು ವರ್ಷ ಆಯ್ತಲ್ಲೋ!"

"ಅವಳ ನೀರನ್ನ! ಎಣ್ಣೆ ಸೌಟು ಹಾಕಿದೆ, ಕೆಟ್ಟುಹೋಯ್ತು. ನೀನು ತಿಂತಿರೋದು ಸಂತೇದು! ಎರಡು ತಿಂಗಳಿಂದ ನೀನು ಅಮ್ಮನ ಕೈರುಚಿ ಅಂದಾಗೆಲ್ಲ ನಾನು ಸಾಯ್ತಿದೀನಿ!"

ಸುಯುನ್ ಚೀಲ ಕೆಳಗಿಟ್ಟಳು. ಜಾಡಿ ನೋಡಿದಳು, ಗಂಡನನ್ನು ನೋಡಿದಳು. ಮೇಷ್ಟ್ರು ಕಣ್ಣು ಮುಚ್ಚಿ, ಸೌಟೋ ಚಪ್ಪಲಿಯೋ ಬಂದು ಬೀಳುವುದನ್ನೇ ಕಾದರು. ಬಂದದ್ದು ನಗು! ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಅವಳೂ ನೆಲಕ್ಕೆ ಕುಸಿದು ಕೂತಳು.

"ಅಮ್ಮನ ನೀರು ಮದುವೆಯಾದ ಎರಡನೇ ಬೇಸಿಗೇಲೇ ಕೆಟ್ಟಿತ್ತು ಕಣೋ. ನಾನೇ ಕೆಡಿಸಿದ್ದೆ. ಕೆಳಗಿನ ಮನೆ ಪು ಅಜ್ಜಿ ಹತ್ರ ಒಂದು ಮಗ್ ಉಪ್ಪುನೀರು ಬೇಡಿ ತಂದು ತುಂಬಿದೆ. ಅಮ್ಮ ಬಂದಾಗೆಲ್ಲ ತಿಂದು, 'ನನ್ನ ನೀರಿನ ಮಹಿಮೆ ನೋಡು' ಅಂತಿದ್ಲು, ಪಾಪ."

ಮೇಷ್ಟ್ರ ಅಳು ಅರ್ಧಕ್ಕೇ ನಿಂತಿತು. "ಮತ್ತೆ... ಅಮ್ಮನ ಕೈರುಚಿ?"

"ನಲವತ್ತು ವರ್ಷದಿಂದ ಹೇಳಿ ಹೇಳಿ, ನಾಲಿಗೆಗೂ ಹಾಗೇ ಅನ್ನಿಸ್ತಿತ್ತು."

ಮರುದಿನ ಇಬ್ಬರೂ ಕಾಂಗ್ ಡಾಕ್ಟ್ರಮ್ಮನ ಎದುರಿಗೆ ಕೂತಿದ್ದರು. ಮೇಷ್ಟ್ರ ತಲೆ ಸಿಡಿಯುತ್ತಿತ್ತು, ಎದೆ ಮಾತ್ರ ಹತ್ತಿಯಷ್ಟು ಹಗುರ. ನಡೆದದ್ದನ್ನೆಲ್ಲ ಕೇಳಿ ಡಾಕ್ಟ್ರಮ್ಮ ಹಣೆ ಒತ್ತಿಕೊಂಡರು.

"ಮೇಷ್ಟ್ರೇ, ಆ ಕಾಲದ ಬಿಳಿ ಮದ್ಯ ಅಂದ್ರೆ ಮೆತ್ತಗಿನ ಅಕ್ಕಿಮದ್ಯ. ಹೆಸರು ಹಾಗೇ ಉಳೀತು, ಹೆಂಡ ಬದಲಾಯ್ತು! ಮನೆ ಸುಡಲಿಲ್ಲವಲ್ಲ, ಹುಬ್ಬಲ್ಲೇ ಹೋಯ್ತು." ನಾಡಿ ನೋಡಿದರು. "ಗಂಟು ಬಿಚ್ಚಿದೆ. ಆದ್ರೆ ಇದು ನನ್ನ ಔಷಧೀದೂ ಅಲ್ಲ, ನಿಮ್ಮ ಗ್ರಂಥದ್ದೂ ಅಲ್ಲ."

ಸುಯುನ್ ಅಂಗಿಯ ತೋಳು ಮಡಿಸಿ ಮಣಿಕಟ್ಟು ಮುಂದೆ ಚಾಚಿದಳು. "ನನ್ನದೂ ನೋಡಿ ಡಾಕ್ಟ್ರಮ್ಮ. ನಲವತ್ತು ವರ್ಷದಿಂದ ಒಳಗಿಟ್ಟುಕೊಂಡವಳು ನಾನು. ಎದೇಲಿ ಎಷ್ಟು ಮಂಜು ಕೂತಿದೆಯೋ!"

ಡಾಕ್ಟ್ರಮ್ಮ ಕಣ್ಣು ಮುಚ್ಚಿದರು. ಬಲಗೈ ನೋಡಿದರು, ಎಡಗೈ ನೋಡಿದರು, ನಾಲಿಗೆ ನೋಡಿದರು.

"ಏನೂ ಇಲ್ಲ. ತಿಳಿ ಆಕಾಶ. ಇಪ್ಪತ್ತು ವರ್ಷದ ಹುಡುಗೀ ನಾಡಿ!"

"ಇದು ಯಾವ ನ್ಯಾಯ?" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು, ಪುಟ್ಟ ಪುಸ್ತಕ ತೆರೆದು ಪೆನ್ನು ಹಿಡಿದರು. "ಎರಡು ತಿಂಗಳ ಸುಳ್ಳಿಗೆ ನನ್ನ ಎದೆ ಒಡೆದುಹೋಗೋ ಹಾಗಾಯ್ತು. ಇವಳಿಗೆ ನಲವತ್ತು ವರ್ಷದ್ದು! ಯಾಕೆ ಏನೂ ಆಗ್ಲಿಲ್ಲ? ನಿಮ್ಮ ಶಾಸ್ತ್ರದಲ್ಲಿ ಇದಕ್ಕೆ ಏನಂತಾರೆ?"

ಡಾಕ್ಟ್ರಮ್ಮ ಸುಯುನ್‌ಳ ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಮುಂದಿನ ರೋಗಿಯನ್ನು ಕರೆಯುತ್ತ ಹೇಳಿದರು:

"ಅಭ್ಯಾಸ ಅಂತಾರೆ, ಮೇಷ್ಟ್ರೇ."