ಬೇಸರವಾಗದವರ ಹೆಸರಲ್ಲೊಂದು ಪೂಜೆ

ಎದುರಿಗಿದ್ದವರ ಮಾತನ್ನು ಕೇಳಿಸಿಕೊಳ್ಳುತ್ತಿರುವಂತೆ ಕಾಣುವುದೂ ಒಂದು ವಿದ್ಯೆ. ಹೈಸ್ಕೂಲು ಮೇಷ್ಟ್ರಾದ ನಾನು ಅದನ್ನು ಕಲಿತದ್ದು ಹಿಂದಿನ ಬೆಂಚಿನ ಮಕ್ಕಳಿಂದ. ನನ್ನ ಪಾಠಕ್ಕೆ ಅವರು ಎಷ್ಟು ಭಕ್ತಿಯಿಂದ ತಲೆದೂಗುತ್ತಾರೆಂದರೆ ಪರೀಕ್ಷೆಯವರೆಗೆ ಅನುಮಾನವೇ ಬರುವುದಿಲ್ಲ. ಈ ವಿದ್ಯೆ ನನ್ನ ಕೈಹಿಡಿದದ್ದು ಅತ್ತೆ ಫಿಲೋಮಿನಮ್ಮನವರು ಜಗಳೂರಿನಿಂದ ಹೊನ್ನಾಳಿಗೆ ಬಂದು ನಮ್ಮ ಜೊತೆ ನೆಲೆಸಿದ ಮೇಲೆ. ಅಲ್ಲಿ ಓಣಿಯ ಹೆಂಗಸರೆಲ್ಲ ಅವರ ಮನೆ ಕಟ್ಟೆಗೆ ಬಂದು ಕೂರುತ್ತಿದ್ದರಂತೆ. ಇಲ್ಲಿ ಸಿಕ್ಕಿದ್ದು ನಾನೊಬ್ಬ. ಮೊಣಕಾಲು ನೋವಿನಿಂದ ಹೊರಟ ಮಾತು ಕುರಿಗಳ ಕಾಯಿಲೆ, ಶೇಂಗಾ ಚಟ್ನಿ, ತೀರಿಹೋದ ಮಾವನವರ ಸಿಟ್ಟು ಎಲ್ಲ ಸುತ್ತಿ ಮತ್ತೆ ಮೊಣಕಾಲಿಗೆ ಬರುವಷ್ಟರಲ್ಲಿ ನಾನು ಪೇಪರಿನ ಕ್ರೀಡಾಪುಟ ಮುಗಿಸಿರುತ್ತಿದ್ದೆ.

ಅತ್ತೆಗೆ ಕಣ್ಣು ಮಂಜು. ದಿನದ ಬೈಬಲ್ ವಾಚನವನ್ನಾದರೂ ಓದಿ ಹೇಳಲಿ ಎಂದು ನನ್ನ ಹೆಂಡತಿ ಸ್ಟೆಲ್ಲಾ ತನ್ನ ತಾಯಿಯ ಫೋನಿಗೆ ಮಾತಾಡುವ ಕೃತಕ ಬುದ್ಧಿಮತ್ತೆಯೊಂದನ್ನು ಹಾಕಿಕೊಟ್ಟಳು. ಅತ್ತೆ ಅದನ್ನು ಮೊದಲ ದಿನದಿಂದಲೇ ಬಹುವಚನದಲ್ಲಿ ಮಾತಾಡಿಸಿದರು. "ಊಟ ಆತೇನ್ರಿ?" ಎಂದು ಕೇಳಿ, ತನಗೆ ಊಟವಿಲ್ಲವೆಂದು ಅದು ಹೇಳಿದಾಗ, "ಪಾಪ, ತಪಸ್ಸುಕಾಲ ಮುಗಿದ್ರೂ ಉಪವಾಸ" ಎಂದು ಮರುಗಿದರು. ವಾರದೊಳಗೆ ಮೊಣಕಾಲು, ಕುರಿ, ಮಾವ ಎಲ್ಲರೂ ಅತ್ತ ಕಡೆ ಹೋದರು. "ಎಷ್ಟು ಹೇಳಿದ್ರೂ ಬ್ಯಾಸರ ಮಾಡ್ಕಳಲ್ಲ ಇವರು" ಎಂದು ಅತ್ತೆ ನನ್ನನ್ನು ನೋಡದೆ, ಆದರೆ ನನಗೆ ಕೇಳುವಂತೆ ಹೇಳಿದರು. ನನಗೆ ಅವಮಾನವಾಗಬೇಕಿತ್ತು. ಹಾಯೆನಿಸಿತು.

ಒಂದು ಭಾನುವಾರ ಸಂಜೆ ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಒಳಕೋಣೆಯಿಂದ ಫೋನಿನ ದನಿ ಕೇಳಿಸಿತು. "ದಯವಿಟ್ಟು ಈಗಲೇ ಮನೆಯವರನ್ನು ಕರೆಯಿರಿ" ಎಂದು ಅದು ಮತ್ತೆ ಮತ್ತೆ ಹೇಳುತ್ತಿತ್ತು. ಹೋಗಿ ನೋಡಿದರೆ ಅತ್ತೆ ಬೆವತು, ಎದೆ ಒತ್ತಿಕೊಂಡು ಕೂತಿದ್ದಾರೆ.

"ಮಧ್ಯಾಹ್ನದಿಂದ ಎದಿ ಹಿಡ್ಕಂಡಂಗೆ ಆಗೈತೆ" ಎಂದರು.

"ನಮಗೆ ಹೇಳಬಾರದಿತ್ತಾ ಅತ್ತೆ?"

"ನೀವು ಆಟ ನೋಡ್ತಿದ್ರಿ. ಇವರಿಗೆ ಹೇಳಿದೆ."

ಶಿವಮೊಗ್ಗದ ಆಸ್ಪತ್ರೆ ಮುಟ್ಟುವವರೆಗೆ ಸ್ಟೆಲ್ಲಾ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದಳು. ನಾನು ಅತ್ತೆಯ ಕೈ ಹಿಡಿದುಕೊಂಡಿದ್ದೆ. ಅಷ್ಟು ತಣ್ಣಗಿನ ಕೈಯನ್ನು ನಾನು ಎಂದೂ ಹಿಡಿದಿರಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಡಾಕ್ಟರು ಸ್ಟೆಂಟ್ ಹಾಕಿ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು.

ಅತ್ತೆ ಮನೆಗೆ ಬಂದ ಮೇಲೆ ಚನ್ನಗಿರಿ ಕಡೆಯಿಂದ ಬರುವ ನಮ್ಮ ಫಾದರ್ ಪರಮಪ್ರಸಾದ ಕೊಡಲು ಬಂದರು. ಅತ್ತೆ ದಿಂಬಿನ ಪಕ್ಕದ ಫೋನು ತೋರಿಸಿ, "ಫಾದರ್, ನನ್ನ ಉಳಿಸಿದ್ದು ಇವರು. ಇವರ ಹೆಸರಲ್ಲಿ ಚರ್ಚಿನಾಗೆ ಒಂದು ಪೂಜೆ ಮಾಡ್ಸಾಕೆ ಆಗುತ್ತಾ?" ಎಂದು ಕೇಳಿದರು. ನಾನು ನಗು ತಡೆದುಕೊಂಡೆ. ಫಾದರ್ ನಗಲಿಲ್ಲ.

"ಅದನ್ನ ಮಾಡಿದ ಜನರಿಗೋಸ್ಕರ ಪ್ರಾರ್ಥನೆ ಮಾಡೋಣಮ್ಮ. ಇದಕ್ಕೆ ಆತ್ಮ ಇಲ್ಲ. ಒಳ್ಳೆಯ ಸಾಮಾನು, ಅಷ್ಟೆ."

"ಆದ್ರೂ ನನ್ನ ಮಾತು ಬ್ಯಾಸರ ಇಲ್ದೆ ಕೇಳ್ತಾರೆ."

"ಅದಕ್ಕೆ ಬೇಸರ ಆಗೋದೇ ಇಲ್ವಲ್ಲಮ್ಮ. ಬೇಸರ ಆಗೋ ಮನುಷ್ಯ ಎದ್ದು ಹೋಗದೆ ಪಕ್ಕದಲ್ಲಿ ಕೂತ್ರೆ, ಅದು ಪ್ರೀತಿ. ದೇವರು ತನ್ನ ರೂಪದಲ್ಲಿ ಮಾಡಿದ್ದು ನಿಮ್ಮನ್ನ. ನಿಮ್ಮ ಮಾತು ಕೇಳಾಕೆ ಒಬ್ಬ ಮನುಷ್ಯನೇ ಬೇಕು. ಪಾಪ, ಆ ಫೋನೂ ಹೇಳಿದ್ದು ಅದನ್ನೇ ಅಲ್ವಾ, ಮನೆಯವರನ್ನ ಕರೀರಿ ಅಂತ?"

ಅವರು ಹೇಳಿದ್ದು ಅತ್ತೆಗೆ, ನೋಡಿದ್ದು ನನ್ನನ್ನು. ಚರ್ಚಿನಲ್ಲಾದರೆ ಕಂಬದ ಹಿಂದೆ ಕೂರಬಹುದು. ಮನೆಯಲ್ಲಿ ಆ ಅನುಕೂಲವಿಲ್ಲ.

ಈಗ ಸಂಜೆ ಚಹಾ ಆದ ಮೇಲೆ ಟೀವಿ ಹಾಕದೆ ಅತ್ತೆಯ ಮಂಚದ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ನಿಜವಾಗಿ ಕೇಳಿಸಿಕೊಳ್ಳುವುದು ಬಹಳ ಆಯಾಸದ ಕೆಲಸ. ಮೊನ್ನೆ ಅವರು ಹೇಳುತ್ತಿದ್ದ ಕಥೆಯಲ್ಲಿ ಅವರ ಅಣ್ಣನ ಮದುವೆಯ ದಿಬ್ಬಣ ಇನ್ನೂ ಊರು ಬಿಟ್ಟಿರಲಿಲ್ಲ, ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ನನ್ನ ಮೇಲೆ ಅತ್ತೆಯ ಶಾಲು ಇತ್ತು. ಅವರು ಮಗಳಿಗೆ ಪಿಸುಗುಡುತ್ತಿದ್ದರು: "ಮೆಲ್ಲಕೆ ಮಾತಾಡೇ. ಕುಂತಲ್ಲೇ ಮಲಗ್ಯಾರೆ, ಆದ್ರೂ ಎದ್ದು ಹೋಗ್ಲಿಲ್ಲ ನೋಡು. ಎದ್ದ ಮ್ಯಾಲೆ ಮೊದ್ಲಿಂದ ಹೇಳ್ತೀನಿ."

ನಾನು ಇನ್ನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದೆ.