ಕೆಸರಿನ ಹೊಟ್ಟೆಯ ಕೆಂಪು ಹರಳು

ಕಲ್ಲಿನ ಪಾಠ ಮಾಡುವ ಮೇಷ್ಟರ ಬದುಕೂ ಕಲ್ಲಿನಂತೆ ಸಪ್ಪೆ ಎಂದು ಜನ ತಿಳಿಯುತ್ತಾರೆ. ನಾನು ಕಂಡದ್ದು ಬೇರೆ. ಕೈಯಲ್ಲಿ ಕಲ್ಲು ಹಿಡಿದು ಹೊರಟಾಗಲೆಲ್ಲ ನನ್ನ ಹಿಂದೆಯೇ ಏನಾದರೊಂದು ಪ್ರಸಂಗ ಹೊರಟು ಬರುತ್ತಿತ್ತು.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ಹಂಪನಕಟ್ಟೆಯ ಹತ್ತಿರದ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಅಲ್ಲಿ ನನ್ನ ಆಸ್ತಿ ಎಂದರೆ ಒಂದು ಗಾಜಿನ ಕಪಾಟು. ಅದರಲ್ಲಿ ಸಾಲಾಗಿ ನದಿಯ ಜೇಡಿಮಣ್ಣು, ಆ ಮಣ್ಣು ಒತ್ತಿ ಆದ ಪದರಗಲ್ಲು, ಅದು ಇನ್ನೂ ಬಿಗಿದು ಆದ ಸ್ಲೇಟು, ಅಭ್ರಕ ಮಿನುಗುವ ಕಲ್ಲು, ಕೊನೆಗೆ ಕೆಂಪು ಹರಳು ತುಂಬಿದ ಕಲ್ಲು. ಎಲ್ಲವೂ ಕೆಸರಿನ ಮಕ್ಕಳೇ. ಭೂಮಿಯ ಆಳದಲ್ಲಿ ಒತ್ತಡವೂ ಕಾವೂ ಏರಿದಂತೆ, ಕರಗದೆ, ಗಟ್ಟಿಯಾಗಿದ್ದುಕೊಂಡೇ ಒಂದು ಇನ್ನೊಂದಾಗುತ್ತದೆ. ಇದನ್ನು ಹೇಳುವಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು.

ಶಾಲೆಯ ಮ್ಯಾನೇಜರರಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. "ಬರುವ ಇನ್‌ಸ್ಪೆಕ್ಟರು ಇದರಿಂದ ಪ್ರಯೋಜನ ಉಂಟು ಅಂತ ಹೇಳಿದರೆ ಇರಲಿ. ಇಲ್ಲದಿದ್ದರೆ ಈ ಕಲ್ಲನ್ನೆಲ್ಲ ಬಾವಿಕಟ್ಟೆಯ ರಿಪೇರಿಗೆ ಹಾಕಿಸ್ತೇನೆ," ಎಂದುಬಿಟ್ಟಿದ್ದರು. ಅಂದಿನಿಂದ ಬಾವಿಯ ಕಡೆ ನೋಡುವುದಕ್ಕೇ ನನಗೆ ಭಯ.

ನೆನೆಸಿದ ಸ್ಲೇಟು

"ನಿಮ್ಮ ಕೈಯಲ್ಲಿರುವ ಸ್ಲೇಟು ಒಂದು ಕಾಲದಲ್ಲಿ ನೀರಿನ ತಳದ ಕೆಸರು," ಎಂದು ಒಂದು ದಿನ ತರಗತಿಯಲ್ಲಿ ಹೇಳಿದೆ. ಮಕ್ಕಳು ತೆರೆದ ಬಾಯಿ ಮುಚ್ಚಲಿಲ್ಲ. ನನಗೂ ಸಂತೋಷವಾಯಿತು.

ಸ್ವಲ್ಪ ದಿನಕ್ಕೆ ಬಂದರಿನಲ್ಲಿ ಸ್ಲೇಟು ಮಾರುವ ಬ್ಯಾರಿ ವ್ಯಾಪಾರಿಯೊಬ್ಬರು ಶಾಲೆಗೆ ಬಂದರು. "ಮಾಸ್ಟ್ರೇ, ಮಕ್ಕಳಿಗೆ ನೀವು ಎಂತ ಹೇಳಿದ್ದು?"

ವಿಷಯ ಇಷ್ಟು: ಸ್ಲೇಟು ತಿರುಗಿ ಕೆಸರಾಗುತ್ತದೋ ನೋಡೋಣವೆಂದು ಮಕ್ಕಳೆಲ್ಲ ತಮ್ಮ ತಮ್ಮ ಮನೆಯಲ್ಲಿ ಅದನ್ನು ಬಚ್ಚಲಿನ ಹಂಡೆಯಲ್ಲಿ ಮುಳುಗಿಸಿಟ್ಟಿದ್ದರು. ಕಲ್ಲಿಗೆ ಏನೂ ಆಗಲಿಲ್ಲ. ಸುತ್ತಲಿನ ಮರದ ಕಟ್ಟು ಮಾತ್ರ ನೀರು ಕುಡಿದು, ಉಬ್ಬಿ, ಬಿಟ್ಟುಕೊಂಡಿತು. ಎತ್ತಿದಾಗ ಸ್ಲೇಟು ಜಾರಿ ಬಿದ್ದು ಚೂರಾಯಿತು.

"ದಯವಿಟ್ಟು ಕ್ಷಮಿಸಿ," ಎಂದೆ.

"ಕ್ಷಮೆ ಎಂತಕ್ಕೆ ಮಾಸ್ಟ್ರೇ? ಅಂಗಡಿಯ ಸ್ಲೇಟೆಲ್ಲ ಖಾಲಿ. ಈ ಪಾಠವನ್ನು ಪಕ್ಕದ ಶಾಲೆಯಲ್ಲೂ ಒಮ್ಮೆ ಮಾಡ್ತೀರಾ ಅಂತ ಕೇಳ್ಲಿಕ್ಕೆ ಬಂದೆ."

ಕಟ್ಟಿಗೆಯ ಪ್ರಶ್ನೆ

ಕೂಳೂರು ಕಡೆ ಹೊಳೆದಂಡೆಯ ಒಂದು ಹಂಚಿನ ಕಾರ್ಖಾನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಿಸಿ ಆರದ ಹಂಚೊಂದನ್ನು ಎತ್ತಿ ಹಿಡಿದು, "ಹೊಳೆಯ ಮಣ್ಣು ಬೆಂಕಿ ಕಂಡಿತು, ಇನ್ನು ತಿರುಗಿ ಮಣ್ಣಾಗುವುದಿಲ್ಲ. ನಮ್ಮ ಕಾಲಿನ ಕೆಳಗೂ ಇಂಥದೇ ಒಂದು ಕೆಲಸ ಕೋಟಿಗಟ್ಟಲೆ ವರ್ಷ ನಡೆದಿದೆ," ಎಂದೆ.

ಭಟ್ಟಿಯ ಮೇಸ್ತ್ರಿ ತಲೆಗೆ ಸುತ್ತಿದ ಬೈರಾಸು ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಬಗ್ಗಿ ನೆಲ ಮುಟ್ಟಿದ. ನನ್ನ ಹಾಗೆ ಬೆರಗಾಗುವವನು ಇನ್ನೊಬ್ಬ ಸಿಕ್ಕಿದನಲ್ಲ ಎಂದು ನನ್ನ ಕಣ್ಣು ತುಂಬಿ ಬಂತು.

ಕೊನೆಗೆ ಅವನು ತಲೆಯೆತ್ತಿ ಕೇಳಿದ: "ಅಲ್ಲ ಮಾರಾಯ್ರೆ, ಅಷ್ಟು ವರ್ಷ ಕಟ್ಟಿಗೆ ಒದಗಿಸುವ ಕಂಟ್ರಾಕ್ಟು ಯಾರದ್ದು?"

ಹಲಸಿನ ಮೇಲೆ ಕೂತದ್ದು

ಇನ್‌ಸ್ಪೆಕ್ಟರು ಬಂದೇ ಬಂದರು. ಬಳ್ಳಾರಿ ಕಡೆಯವರು, ನಗು ಕಡಿಮೆ. ಕಪಾಟಿನ ಮುಂದೆ ನಿಂತು ಒಂದೊಂದೇ ಕಲ್ಲು ನೋಡುತ್ತ ಹೋದರು. ಕೊನೆಯ ಜಾಗ ಖಾಲಿ. ಕೆಂಪು ಹರಳಿನ ಕಲ್ಲನ್ನು ಬೇಸಿಗೆ ರಜೆಯಲ್ಲಿ ತೊಳೆಯಲೆಂದು ಕದ್ರಿಯ ಮನೆಗೆ ಒಯ್ದಿದ್ದೆ. ಅಲ್ಲಿಂದ ಅದು ತಿರುಗಿ ಬಂದಿರಲಿಲ್ಲ.

"ಎಲ್ಲೈತ್ರಿ ಅದು?"

"ಹಲಸಿನಕಾಯಿಯ ಮೇಲೆ ಉಂಟು ಸಾರ್," ಎಂದೆ. ಸುಳ್ಳು ಹೇಳುವಷ್ಟೂ ಧೈರ್ಯ ನನ್ನಲ್ಲಿರಲಿಲ್ಲ.

ನಮ್ಮಲ್ಲಿ ಮಳೆಗಾಲಕ್ಕೆಂದು ಹಲಸಿನಕಾಯಿ ಬಿಡಿಸಿ ಅದರ ಸೊಳೆಯನ್ನು ಭರಣಿಯಲ್ಲಿ ಉಪ್ಪು ಹಾಕಿ ಇಡುತ್ತಾರೆ. ಸೊಳೆ ಮೇಲೆ ತೇಲಿದರೆ ಕೆಡುತ್ತದೆ. ಅದಕ್ಕೆ ಮೇಲೊಂದು ಹಲಗೆ, ಹಲಗೆಯ ಮೇಲೆ ಭಾರದ ಕಲ್ಲು. ಚಪ್ಪಟೆಯಾಗಿ, ಭಾರವಾಗಿ, ತೊಳೆದು ಶುದ್ಧವಾಗಿದ್ದ ನನ್ನ ಕಲ್ಲು ಅಮ್ಮನ ಕಣ್ಣಿಗೆ ಬಿದ್ದಿತ್ತು. ನಾನು ಎಷ್ಟು ಬೇಡಿದರೂ, "ಮಳೆ ಜಡಿಯುವ ಆಟಿ ತಿಂಗಳು ಬರುವ ಮೊದಲು ಭರಣಿ ಮುಟ್ಟುವ ಹಾಗಿಲ್ಲ ಮಗಾ," ಎಂದಿದ್ದರು.

ಇನ್‌ಸ್ಪೆಕ್ಟರು ಜಟಕಾ ತರಿಸಿದರು. "ನಡೀರಿ, ನೋಡೇಬಿಡೋಣ." ಜೊತೆಗೆ ಮ್ಯಾನೇಜರರೂ ಹತ್ತಿದರು. ದಾರಿಯುದ್ದಕ್ಕೂ ನನಗೆ ಕಂಡದ್ದು ಬಾವಿಕಟ್ಟೆಯೊಂದೇ.

ಅಮ್ಮ ಉಗ್ರಾಣದ ಬಾಗಿಲಲ್ಲೇ ತಡೆದರು. "ನೋಡಬಹುದು, ಮುಟ್ಟಬಾರದು."

ಇನ್‌ಸ್ಪೆಕ್ಟರು ಎರಡೂ ಕೈ ಬೆನ್ನಿಗೆ ಕಟ್ಟಿ ಬಗ್ಗಿದರು. ಮಾಡಿನ ಗಾಜಿನ ಹಂಚಿನಿಂದ ಬೆಳಕು ನೇರವಾಗಿ ಭರಣಿಯ ಮೇಲೆ ಬೀಳುತ್ತಿತ್ತು. ಉಪ್ಪುನೀರು ಸೋಕಿದ ಕಲ್ಲಿನಲ್ಲಿ ಅಭ್ರಕ ಬೆಳ್ಳಗೆ ಮಿನುಗಿತು, ಅದರ ನಡುವೆ ದಾಳಿಂಬೆ ಬೀಜದಂತೆ ಹರಳುಗಳು ಕೆಂಪಗೆ ಹೊಳೆದವು. ಇಷ್ಟು ಚೆಂದವಾಗಿ ಕಪಾಟಿನಲ್ಲಿ ಅದು ಒಂದು ದಿನವೂ ಕಂಡಿರಲಿಲ್ಲ.

"ಈ ಹರಳು ಹೊರಗಿಂದ ಬಂದು ಸೇರಿದ್ದೇನ್ರಿ?"

"ಇಲ್ಲ ಸಾರ್. ಕೆಸರಿನಲ್ಲಿ ಇದ್ದದ್ದೇ. ಒತ್ತಿ, ಕಾಯಿಸಿ, ಕಾದು, ಕಾದು ಹೀಗಾಯಿತು."

ಮ್ಯಾನೇಜರರೂ ಬಗ್ಗಿ ನೋಡಿದರು, ಆಮೇಲೆ ಏಳುವುದನ್ನೇ ಮರೆತರು.

"ಕಪಾಟು ಇರ್ಲಿ," ಎಂದರು ಇನ್‌ಸ್ಪೆಕ್ಟರು. ನನಗೆ ಹೋದ ಜೀವ ಬಂತು. "ಆದ್ರ ಈ ಕಲ್ಲಿಲ್ದೆ ಅದು ಪೂರ್ತಿ ಆಗಂಗಿಲ್ಲ. ಈಗಿಂದೀಗ್ಲೇ ಒಯ್ಯೋಣ್ರಿ." ಮ್ಯಾನೇಜರರು ಆಗಲೇ ಅಂಗಿಯ ತೋಳು ಮೇಲಕ್ಕೆ ಮಡಚಿದ್ದರು.

ಅಮ್ಮ ಭರಣಿಗೆ ಅಡ್ಡ ನಿಂತರು. "ಕೋಟಿ ವರ್ಷ ಕಾದ ಕಲ್ಲು ಅಂತ ನೀವೇ ಹೇಳ್ತೀರಿ. ಆಟಿ ಬರುವವರೆಗೆ ಕಾಯ್ಲಿಕ್ಕೆ ಅದಕ್ಕೆಂತ ಕಷ್ಟ? ಅವಸರ ಇರುದು ನಿಮಗೆ, ಕಲ್ಲಿಗಲ್ಲ. ಹೊರಗೆ ಕೂತ್ಕೊಳ್ಳಿ, ನೀರುದೋಸೆ ಹಾಕ್ತೇನೆ."