ಬೆನ್ನಿಗೆ ಭಾರವಿಲ್ಲದ ಟ್ರ್ಯಾಕ್ಟರು

ನಾನು ಲೋಡರ್ ತೋರಿಸಲು ಹೋದಲ್ಲೆಲ್ಲ ಏನಾದರೊಂದು ಮೇಲೇಳುತ್ತಿತ್ತು. ಬಕೆಟ್ ಒಂದನ್ನು ಬಿಟ್ಟು.

ಆ ಬರಗಾಲದ ವರ್ಷಗಳಲ್ಲಿ ಉಮರ್ಗಾದ ಒಂದು ಟ್ರ್ಯಾಕ್ಟರ್ ಅಂಗಡಿಯಲ್ಲಿ ನನಗೆ ಡೆಮೋ ಮಾಡುವ ಕೆಲಸ. ಕೆರೆಗಳು ಒಣಗಿ ಎಲ್ಲೆಡೆ ಹೂಳು ತೆಗೆಯುತ್ತಿದ್ದರು. ಲೋಡರ್, ಅಂದರೆ ಮುಂದೆ ಬಕೆಟ್ ಕೂಡಿಸಿದ ಸಣ್ಣ ಟ್ರ್ಯಾಕ್ಟರು, ಮಾರಲು ಇದೇ ಹಂಗಾಮು ಎಂದು ಅಂಗಡಿಯ ಸಾಹುಕಾರರು ಹುರುಪಿನಲ್ಲಿದ್ದರು. ಮುಂದೆ ಭಾರ ಎತ್ತಬೇಕಾದರೆ ಹಿಂದೆಯೂ ಭಾರ ಕಟ್ಟಬೇಕು, ಇಲ್ಲದಿದ್ದರೆ ಹಿಂದಿನ ಗಾಲಿಗಳು ಏಳುತ್ತವೆ. ಇದು ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠ ಮಾತ್ರ.

ನಿಲಂಗಾದ ನಮಸ್ಕಾರ

ಹಿಂದೆ ಕಟ್ಟುವ ಸಿಮೆಂಟಿನ ದಿಮ್ಮಿಯನ್ನು ಅಂಗಡಿಯಲ್ಲೇ ಬಿಟ್ಟು ಹೋಗಿದ್ದೆ. ಅದನ್ನು ಕೂಡಿಸುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ನಿಲಂಗಾದ ಒಬ್ಬ ರೈತರ ಹೊಲದಲ್ಲಿ ಬಕೆಟ್ ತುಂಬ ಹೂಳು ತುಂಬಿಕೊಂಡು, "ನೋಡ್ರಿ ಕಾಕಾ, ಹೂವಿನಂಗ ಎತ್ತತದ" ಎಂದೆ. ಬಕೆಟ್ ಅರ್ಧ ಎದ್ದಿತು, ಜೊತೆಗೆ ಹಿಂದಿನ ಗಾಲಿಗಳೂ ಎದ್ದವು. ಟ್ರ್ಯಾಕ್ಟರು ಮೂತಿ ಊರಿ ಕಾಕಾ ಅವರ ಕಾಲ ಬಳಿ ಬಾಗಿತು. ನಾನು ಸ್ಟೇರಿಂಗ್ ತಬ್ಬಿಕೊಂಡಿದ್ದೆ.

"ಇರ್ಲಿ, ಇರ್ಲಿ," ಎಂದು ಕಾಕಾ ಹಿಂದೆ ಸರಿದರು. "ಇಷ್ಟು ಸಂಸ್ಕಾರದ ಗಾಡಿ ಬ್ಯಾಡಪಾ. ನಮಗ ಕೆಲಸದ್ದು ಬೇಕು."

ಚಹಾ

ಉದಗೀರಿನಾಚೆ ದೇವಣಿಯಲ್ಲಿ ದನಗಳ ಮೇವಿನ ಶಿಬಿರ. ಸಗಣಿ ಎತ್ತಿ ತೋರಿಸಬೇಕಿತ್ತು. ಈ ಸಲ ದಿಮ್ಮಿ ತಂದಿದ್ದೆ, ಅದನ್ನು ಕೂಡಿಸುವ ಪಿನ್ನು ಅಂಗಡಿಯಲ್ಲಿತ್ತು. ನಿಂತವರಲ್ಲಿ ದಪ್ಪಗಿದ್ದವರನ್ನು ಆರಿಸಿ ಟ್ರ್ಯಾಕ್ಟರಿನ ಹಿಂದೆ ಹತ್ತಿಸಿದೆ. ಯಾರೂ ಮಾಡಬಾರದ ಕೆಲಸ, ನಾನು ಮಾಡಿದೆ. ಬಕೆಟ್ ಚಂದವಾಗಿ ಏಳುತ್ತಿತ್ತು. ಅಷ್ಟರಲ್ಲಿ ಯಾರೋ "ಚಹಾ ಆಲಾ!" ಎಂದು, ಚಹಾ ಬಂತೆಂದು, ಮರಾಠಿಯಲ್ಲಿ ಕೂಗಿದರು. ಹಿಂದಿನ ಭಾರವೆಲ್ಲ ಒಟ್ಟಿಗೆ ಕೆಳಗೆ ಜಿಗಿಯಿತು.

ಶಿಬಿರದ ಮುಖ್ಯಸ್ಥರು ಬಂದು, ಗಾಳಿಯಲ್ಲಿದ್ದ ನನ್ನನ್ನು ಕೇಳಿದರು: "ಎಷ್ಟು ಎತ್ತತದ್ರೀ ಇದು?"

"ಚಹಾ ಬರೋತನಾ ಬೇಕಾದಷ್ಟು ಎತ್ತತದ್ರೀ."

ಮಾಕಣಿ ಕಡೆಯ ಡ್ರಮ್ಮು

ಸಾಹುಕಾರರು ಹಣೆಯ ವಿಭೂತಿ ಬಿರಿಯುವಂತೆ ಹುಬ್ಬು ಗಂಟಿಕ್ಕಿದರು. "ಇವತ್ತ ಬುಕಿಂಗ್ ಇಲ್ದ ಬಂದ್ರ, ನಾಳಿಂದ ನಮ್ಮ ಕಿರಾಣಿ ದುಕಾನದಾಗ ಜ್ವಾಳ ತೂಗು." ಟ್ರ್ಯಾಕ್ಟರಿನ ಮೇಲೆ ಊರೂರು ತಿರುಗುವುದೆಂದರೆ ನನಗೆ ಜೀವ.

ದಿಮ್ಮಿಯನ್ನು ನಾನೇ ಕೆಡವಿ ಎರಡು ಹೋಳು ಮಾಡಿದ್ದೆ. ಅದಕ್ಕೆ ಬದಲಾಗಿ ನಳವಿದ್ದ ದೊಡ್ಡ ಡ್ರಮ್ಮನ್ನು ಹಿಂದೆ ಬಿಗಿದು, ಅಂಗಡಿಯ ಬೋರ್‌ವೆಲ್ ನೀರು ತುಂಬಿದೆ. ಮಾಕಣಿ ಹತ್ತಿರದ ಊರಿನಲ್ಲಿ ಮೊದಲ ಬಕೆಟ್ ಸರ್ರನೆ ಎದ್ದಿತು. ಗಾಲಿ ಮಿಸುಕಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ಎದುರಿಗೆ ಗಂಡಸರು ತಲೆದೂಗುತ್ತಿದ್ದರು, ಹಿಂದೆ ಹೆಂಗಸರು ಸಾಲಾಗಿ ನಿಂತಿದ್ದರು. ಹೆಣ್ಣುಮಕ್ಕಳಿಗೂ ಹೈಡ್ರಾಲಿಕ್ಕಿನಲ್ಲಿ ಇಷ್ಟು ಆಸಕ್ತಿಯೇ ಎಂದು ಉಬ್ಬಿಹೋಗಿ ಇನ್ನಷ್ಟು ಹೊತ್ತು ಭಾಷಣ ಮಾಡಿದೆ. ಕೊನೆಗೆ ಬಕೆಟ್ಟಿಗೆ ಹೂಳನ್ನು ಗೋಪುರದಂತೆ ತುಂಬಿ ಎತ್ತಿದೆ.

ನಾನೇ ಎದ್ದೆ.

ಹಿಂದಿನಿಂದ ಒಬ್ಬ ಅಜ್ಜಿ ಕೂಗಿದಳು: "ತಮ್ಮಾ, ಜರಾ ಕೆಳಗ ಇಳಸು! ನಳ ಮ್ಯಾಲ ಹೋಗ್ಯದ, ನಂದಿನ್ನಾ ಅರ್ಧ ಕೊಡ ಉಳದದ!"

ಬಕೆಟ್ ಇಳಿಸಿದೆ. ಅಜ್ಜಿಯ ಕೊಡ ತುಂಬಿತು, ಡ್ರಮ್ಮು ಬರಿದಾಯಿತು. ಅದೇ ಹೊತ್ತಿಗೆ ಸಾಹುಕಾರರ ಫೋನು.

"ಬುಕಿಂಗ್ ಆಯ್ತೇನೋ?"

"ಆಗ್ಯದ್ರೀ ಸಾಹುಕಾರ್ರ. ಇಡೀ ಊರೇ ಬುಕ್ ಮಾಡ್ಯದ."

"ಶಾಬಾಸ್! ಎಷ್ಟು ಟ್ರ್ಯಾಕ್ಟರ್?"

"ಟ್ರ್ಯಾಕ್ಟರಲ್ರೀ, ಡ್ರಮ್ಮು. ನಾಳಿ ಇದಕ್ಕಿಂತ ದೊಡ್ಡದು ತರ್ಬೇಕಂತ."